ರೋಗಿಯೇ ಬಾಯಿಬಿಟ್ಟು ಹೇಳಬೇಕಾದ ಕಾಯಿಲೆ

ಆಷಾಢ ಕಾಲಿಟ್ಟ ಮೇಲೆ ಚಿಕ್ಕಮಗಳೂರು ಜಿಲ್ಲೆಯ ಕಳಸ, ಮೂಡಿಗೆರೆ ಸೀಮೆಯಲ್ಲಿ ಯಾರು ಯಾವಾಗ ಎಲ್ಲಿಗೆ ಹೋಗಬಹುದೆಂಬುದನ್ನು ಮಳೆಯೇ ತೀರ್ಮಾನಿಸುತ್ತದೆ. ಭದ್ರೆ ಉಕ್ಕಿದಾಗಲೆಲ್ಲ ಕಳಸ–ಹೊರನಾಡು ದಾರಿಯ ಹೆಬ್ಬಾಳೆ ಸೇತುವೆ ಮುಳುಗುತ್ತಾ ಬಂದಿದೆ. ಕೊಟ್ಟಿಗೆಹಾರದ ಆಚೆ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಜರಿದರೆ ಮಂಗಳೂರಿನ ದಾರಿ ಕಟ್ಟಿಹೋಗುತ್ತದೆ. ಮರ ಬಿದ್ದು ತಂತಿ ಹರಿದ ಊರುಗಳಲ್ಲಿ ದಿನಗಟ್ಟಲೆ ಕರೆಂಟು ಇರುವುದಿಲ್ಲ, ಫೋನಿನ ಸಿಗ್ನಲ್ಲಿಗಾಗಿ ದಿಬ್ಬ ಹತ್ತಬೇಕಾಗುತ್ತದೆ. ಇಂಥ ರಾತ್ರಿಯಲ್ಲಿ ಒಂದು ಮನೆಯಲ್ಲಿ ಯಾರಿಗಾದರೂ ಜ್ವರ ಬಂದು ಎರಡು ಸಲ ವಾಂತಿಯಾದರೆ ಹೆಚ್ಚಿನವರು ಗಂಜಿ ಕುಡಿಸಿ, ಕಂಬಳಿ ಹೊದಿಸಿ, ಬೆಳಗಾಗಲೆಂದು ಕಾಯುತ್ತಾರೆ. ಹೆಚ್ಚಿನವರ ಪಾಲಿಗೆ ಅದು ತಪ್ಪೂ ಅಲ್ಲ.

ಆದರೆ ಅಡ್ರಿನಲ್ ಕೊರತೆಯಿರುವ ವ್ಯಕ್ತಿಗೆ ಅದೇ ಜ್ವರ, ಅದೇ ವಾಂತಿ ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಎರವಾಗಬಲ್ಲದು. ಅದನ್ನು ತಡೆಯುವ ಔಷಧವು ದುಬಾರಿಯದೂ ಅಲ್ಲ, ಅಪರೂಪದ್ದೂ ಅಲ್ಲ. ಅದು ಸಕಾಲಕ್ಕೆ ಮೈಸೇರಬೇಕಾದರೆ ಮಾತ್ರ ರೋಗಿಗಾಗಲಿ, ಅವರ ಮನೆಯವರಿಗಾಗಲಿ ಕಾಯಿಲೆಯ ಹೆಸರು ತಿಳಿದಿರಬೇಕು, ಅದನ್ನು ಹೇಳುವ ಧೈರ್ಯವಿರಬೇಕು, ಕೇಳಿಸಿಕೊಳ್ಳುವವರಲ್ಲಿ ಅದನ್ನು ನಂಬುವ ಮನಸ್ಸಿರಬೇಕು. ರೋಗಿ ತನ್ನ ಪರವಾಗಿ ತಾನೇ ಮಾತನಾಡುವ ಈ ಹೊಣೆಗಾರಿಕೆಯು ಬೇರೆ ಎಷ್ಟೋ ಕಾಯಿಲೆಗಳಲ್ಲಿ ಅನುಕೂಲವಷ್ಟೇ ಆಗಿದ್ದರೆ, ಈ ಕಾಯಿಲೆಯಲ್ಲಿ ಅದು ಚಿಕಿತ್ಸೆಯ ಒಂದು ಭಾಗವೇ ಆಗಿದೆ.

ಏನಿದು ಅಡ್ರಿನಲ್ ಕೊರತೆ?

ಎರಡೂ ಮೂತ್ರಪಿಂಡಗಳ ನೆತ್ತಿಯ ಮೇಲೆ ಒಂದೊಂದರಂತೆ ಇರುವ ಪುಟ್ಟ ಗ್ರಂಥಿಗಳಿಗೆ ಅಡ್ರಿನಲ್ ಗ್ರಂಥಿಗಳೆಂದು ಹೆಸರು. ಇವುಗಳ ಹೊರಪದರವು ಕಾರ್ಟಿಸಾಲ್ ಎಂಬ ಹಾರ್ಮೋನನ್ನು, ಅಂದರೆ ರಕ್ತದ ಮೂಲಕ ಸಂಚರಿಸಿ ದೇಹದ ಕೆಲಸಗಳನ್ನು ನಿಯಂತ್ರಿಸುವ ರಾಸಾಯನಿಕವನ್ನು, ತಯಾರಿಸುತ್ತದೆ. ರಕ್ತದೊತ್ತಡ ಕುಸಿಯದಂತೆ, ಸಕ್ಕರೆಯ ಮಟ್ಟ ಇಳಿಯದಂತೆ ನೋಡಿಕೊಳ್ಳುವ ಕಾರ್ಟಿಸಾಲ್, ಜ್ವರ, ಗಾಯ, ಶಸ್ತ್ರಚಿಕಿತ್ಸೆಗಳಂಥ ಆಘಾತ ಬಂದಾಗ ಹಲವು ಪಟ್ಟು ಹೆಚ್ಚಾಗಿ ಸ್ರವಿಸಿ ದೇಹವನ್ನು ಕಾಯುತ್ತದೆ. ಅದೇ ಪದರದಲ್ಲಿ ಹುಟ್ಟುವ ಆಲ್ಡೋಸ್ಟಿರೋನ್ ಎಂಬ ಇನ್ನೊಂದು ಹಾರ್ಮೋನು ದೇಹದಲ್ಲಿ ಉಪ್ಪಿನಂಶವನ್ನು ಹಿಡಿದಿಡುತ್ತದೆ.

ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಆದೇಶದ ಮೇರೆಗೆ ಕಾರ್ಟಿಸಾಲ್ ತಯಾರಾಗುವುದರಿಂದ ಈ ಕೊರತೆ ಎರಡು ಬಗೆಯಲ್ಲಿ ಉಂಟಾಗಬಹುದು: ಅಡ್ರಿನಲ್ ಗ್ರಂಥಿಯೇ ಹಾಳಾಗಬಹುದು, ಇಲ್ಲವೇ ಗ್ರಂಥಿ ಸರಿಯಿದ್ದರೂ ಮೇಲಿನಿಂದ ಆದೇಶ ಬಾರದೇ ಹೋಗಬಹುದು. ಮೊದಲನೆಯ ಬಗೆಯನ್ನು 1855ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯ ಥಾಮಸ್ ಅಡಿಸನ್ ವಿವರಿಸಿದ ಕಾರಣ ಅದಕ್ಕೆ ಅಡಿಸನ್ ಕಾಯಿಲೆ ಎಂಬ ಹೆಸರು ಬಂದಿತು. ಸುಮಾರು ಒಂದು ಶತಮಾನದವರೆಗೆ ಅದು ಬಹುತೇಕ ಮರಣಶಾಸನವೇ ಆಗಿತ್ತು. ಅಡ್ರಿನಲ್ ಹಾರ್ಮೋನುಗಳ ಸಂಶೋಧನೆಗಾಗಿ 1950ರಲ್ಲಿ ಕೆಂಡಾಲ್, ರೈಖ್‌ಸ್ಟೈನ್ ಮತ್ತು ಹೆಂಚ್ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು. ಈ ಹಾರ್ಮೋನುಗಳು ಮಾತ್ರೆ, ಚುಚ್ಚುಮದ್ದುಗಳ ರೂಪದಲ್ಲಿ ದೊರೆಯತೊಡಗಿದ ಮೇಲೆ, ನಿತ್ಯವೂ ಮಾತ್ರೆ ನುಂಗುತ್ತಾ ಎಲ್ಲರಂತೆ ಬಾಳುವುದು ಸಾಧ್ಯವಾಯಿತು.

ಮಲೆನಾಡಿನಲ್ಲಿ ಕಾರಣಗಳು

ಪಾಶ್ಚಾತ್ಯ ದೇಶಗಳಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಅಡ್ರಿನಲ್ ಗ್ರಂಥಿಯ ಮೇಲೆ ತಿರುಗಿಬೀಳುವುದು ಮುಖ್ಯ ಕಾರಣವಾಗಿದ್ದರೆ, ಭಾರತದಲ್ಲಿ ಅದರ ಜೊತೆಗೆ ಕ್ಷಯರೋಗವೂ ಕೆಲವು ಶಿಲೀಂಧ್ರ ಸೋಂಕುಗಳೂ ಈ ಗ್ರಂಥಿಗಳನ್ನು ಕೆಡಿಸುತ್ತವೆ. ಕಾಫಿ ಸೀಮೆಯ ಜನಜೀವನವನ್ನು ಬಲ್ಲವರು ಇವುಗಳೊಂದಿಗೆ ಇನ್ನೂ ಮೂರು ಕಾರಣಗಳನ್ನು ಗಮನಿಸಬೇಕು.

ಒಂದು, ಹೆರಿಗೆಯ ಹೊತ್ತಿನ ತೀವ್ರ ರಕ್ತಸ್ರಾವ. ಬಸುರಿಯಲ್ಲಿ ಹಿಗ್ಗಿರುವ ಪಿಟ್ಯುಟರಿ ಗ್ರಂಥಿಗೆ ರಕ್ತದ ಪೂರೈಕೆ ಕಡಿಮೆಯಾದಾಗ ಅದರ ಒಂದು ಭಾಗ ಸತ್ತುಹೋಗುತ್ತದೆ. 1937ರಲ್ಲಿ ಇದನ್ನು ವಿವರಿಸಿದ ವೈದ್ಯನ ಹೆಸರಿನಿಂದ ಇದಕ್ಕೆ ಶೀಹನ್ ಸಿಂಡ್ರೋಮ್ ಎನ್ನುತ್ತಾರೆ. ಆಸ್ಪತ್ರೆ ದೂರವಿದ್ದ ಕಾಲದಲ್ಲಿ ತೋಟದ ಲೈನ್ ಮನೆಗಳಲ್ಲೋ ಹಾಡಿಯಲ್ಲೋ ಹೆತ್ತು, ವಿಪರೀತ ರಕ್ತ ಹೋಗಿ, ಎದೆಹಾಲು ಬಾರದೆ, ಮುಟ್ಟು ಮರಳದೆ ಉಳಿದ ಮಹಿಳೆಯ ಸುಸ್ತನ್ನು ಊರವರು ಬಾಣಂತನದ ನಿಶ್ಶಕ್ತಿಯೆಂದೇ ವರ್ಷಗಟ್ಟಲೆ ತಿಳಿದಿರುವ ಸಾಧ್ಯತೆ ಇದೆ. ಎಷ್ಟೋ ವರ್ಷಗಳ ಹಿಂದಿನ ಆ ರಕ್ತಸ್ರಾವದ ಸಂಗತಿಯನ್ನು ರೋಗಿ ತಾನಾಗಿ ಹೇಳದಿದ್ದರೆ ವೈದ್ಯರಿಗೆ ಅದು ಹೊಳೆಯುವ ದಾರಿ ಕಡಿಮೆ.

ಎರಡು, ಹಾವಿನ ಕಡಿತ. ಗದ್ದೆಯ ಬದು, ಹುಲ್ಲು, ದರಗಿನ ನಡುವೆ ಇರುವ ಕೊಳಕು ಮಂಡಲದ ವಿಷ ರಕ್ತ ಹೆಪ್ಪುಗಟ್ಟುವ ಕ್ರಿಯೆಯನ್ನೇ ಕೆಡಿಸುವುದರಿಂದ ಕೆಲವರಲ್ಲಿ ಪಿಟ್ಯುಟರಿ ಗ್ರಂಥಿಗೂ ಹಾನಿಯಾಗುತ್ತದೆ. ಭಾರತ, ಶ್ರೀಲಂಕಾ, ಮ್ಯಾನ್ಮಾರ್‌ಗಳಲ್ಲಿ ದಾಖಲಾಗಿರುವ ಈ ತೊಂದರೆ ಕಡಿತದ ದಿನಗಳಲ್ಲೇ ಕಾಣಿಸಿಕೊಳ್ಳಬಹುದು, ತಿಂಗಳು ಅಥವಾ ವರ್ಷಗಳ ತರುವಾಯವೂ ಹೊರಬರಬಹುದು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿದೆ. ಬದುಕುಳಿದವರನ್ನು ಮುಂದಿನ ವರ್ಷಗಳಲ್ಲೂ ಗಮನಿಸುವುದಕ್ಕೆ ಈ ದಾಖಲೆ ನೆರವಾಗಬೇಕು.

ಮೂರನೆಯದು ಎಲ್ಲಕ್ಕಿಂತ ಸಾಮಾನ್ಯವಾದುದು: ಸ್ಟೀರಾಯ್ಡ್ ಔಷಧವನ್ನು ದೀರ್ಘಕಾಲ ಸೇವಿಸಿ ಒಮ್ಮೆಲೇ ನಿಲ್ಲಿಸುವುದು. ದಮ್ಮು, ಕೀಲುನೋವು, ಚರ್ಮರೋಗಗಳಿಗೆ ಕೊಡುವ ಪ್ರೆಡ್ನಿಸೊಲೋನ್‌ನಂಥ ಮಾತ್ರೆಗಳು ಹೊರಗಿನಿಂದ ಬರುತ್ತಿರುವಷ್ಟು ಕಾಲ ದೇಹದ ಸ್ವಂತ ಕಾರ್ಟಿಸಾಲ್ ತಯಾರಿಕೆ ತಗ್ಗುತ್ತದೆ, ಮಾತ್ರೆಯನ್ನು ತಟ್ಟನೆ ಬಿಟ್ಟಾಗ ಅದು ಕೂಡಲೇ ಚೇತರಿಸಿಕೊಳ್ಳುವುದಿಲ್ಲ. ಹೆಸರು, ಪ್ರಮಾಣ ಯಾವುದನ್ನೂ ಬರೆಯದೆ ಪೊಟ್ಟಣದಲ್ಲಿ ಕಟ್ಟಿಕೊಡುವ ಪುಡಿ, ಗುಳಿಗೆಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದೂ ಉಂಟು. ತಿಂಗಳುಗಟ್ಟಲೆ ಅಂಥದ್ದನ್ನು ತೆಗೆದುಕೊಂಡವರು ವೈದ್ಯರೆದುರು ಸಂಕೋಚಪಡದೆ ಅದನ್ನು ತಿಳಿಸುವುದು ಪ್ರಾಣರಕ್ಷಣೆಯ ಮಾತು.

ಸದ್ದಿಲ್ಲದ ಲಕ್ಷಣಗಳು

ಈ ಕಾಯಿಲೆಯ ಲಕ್ಷಣಗಳೆಲ್ಲವೂ ಬೇರೊಂದು ಕಾರಣಕ್ಕೆ ಸುಲಭವಾಗಿ ಹೊಂದಿಕೊಂಡುಬಿಡುತ್ತವೆ. ಹಾಸಿಗೆಯಿಂದ ಏಳಲಾಗದ ಸುಸ್ತು, ಊಟ ಸೇರದಿರುವುದು, ತೂಕ ಇಳಿಯುವುದು, ಎದ್ದು ನಿಂತೊಡನೆ ತಲೆ ಸುತ್ತುವುದು, ಹೊಟ್ಟೆ ತೊಳಸುವುದು ಇವೆಲ್ಲವನ್ನು ರಕ್ತಹೀನತೆ, ಗ್ಯಾಸ್ಟ್ರಿಕ್, ಚಿಂತೆ ಎಂದು ಬಗೆಯುವುದು ಸಹಜ. ಅಡ್ರಿನಲ್ ಗ್ರಂಥಿಯೇ ಹಾಳಾದವರಲ್ಲಿ ಉಪ್ಪಿನ ಮೇಲೆ ಆಸೆ ಹೆಚ್ಚುತ್ತದೆ, ಅಂಗೈ ಗೆರೆಗಳು, ಬೆರಳ ಗೆಣ್ಣುಗಳು, ವಸಡು ಮತ್ತು ಹಳೆಯ ಗಾಯದ ಕಲೆಗಳು ಕಪ್ಪಾಗುತ್ತವೆ. ಬಿಸಿಲಿನಲ್ಲಿ ದುಡಿಯುವ ಕಂದುಬಣ್ಣದ ಮೈಯಲ್ಲಿ ಈ ಬದಲಾವಣೆ ಬೇಗ ಕಣ್ಣಿಗೆ ಬೀಳದಿರುವುದರಿಂದ, ಹಳೆಯ ಫೋಟೋವೊಂದನ್ನು ವೈದ್ಯರಿಗೆ ತೋರಿಸುವುದು ಹಲವು ಮಾತುಗಳಿಗಿಂತ ಹೆಚ್ಚು ಉಪಯುಕ್ತ.

ಬೆಳಿಗ್ಗೆ ಎಂಟರ ಸುಮಾರಿಗೆ ರಕ್ತದಲ್ಲಿ ಕಾರ್ಟಿಸಾಲ್ ಮಟ್ಟವನ್ನು ಅಳೆಯುವುದು ಪತ್ತೆಯ ಮೊದಲ ಹೆಜ್ಜೆ. ಅನುಮಾನ ಉಳಿದರೆ ಗ್ರಂಥಿಯನ್ನು ಚುಚ್ಚುಮದ್ದಿನಿಂದ ಪ್ರಚೋದಿಸಿ ಅದರ ಪ್ರತಿಕ್ರಿಯೆಯನ್ನು ಅಳೆಯುತ್ತಾರೆ. ಸುಸ್ತಿಗೆಂದು ಥೈರಾಯ್ಡ್ ಪರೀಕ್ಷೆ ಮಾಡಿಸಿ ಅದರ ಮಾತ್ರೆ ಆರಂಭಿಸುವವರು ಈ ಸಾಧ್ಯತೆಯನ್ನೂ ಒಮ್ಮೆ ಕೇಳುವುದು ಒಳಿತು, ಏಕೆಂದರೆ ಕಾರ್ಟಿಸಾಲ್ ಕೊರತೆಯನ್ನು ಸರಿಪಡಿಸದೆ ಥೈರಾಯ್ಡ್ ಮಾತ್ರೆ ಕೊಟ್ಟರೆ ಪರಿಸ್ಥಿತಿ ಒಮ್ಮೆಲೇ ಬಿಗಡಾಯಿಸಬಹುದು.

ಮಾತ್ರೆಯ ಲೆಕ್ಕ

ಗೊತ್ತಾದ ಮೇಲಿನ ನಿತ್ಯದ ಚಿಕಿತ್ಸೆ ಸರಳವಾಗಿದೆ. ವಯಸ್ಕರಿಗೆ ಸಾಮಾನ್ಯವಾಗಿ ದಿನಕ್ಕೆ 15ರಿಂದ 25 ಮಿಲಿಗ್ರಾಂ ಹೈಡ್ರೊಕಾರ್ಟಿಸೋನ್ ಮಾತ್ರೆಯನ್ನು ಎರಡು ಅಥವಾ ಮೂರು ಬಾರಿಗೆ ಹಂಚಿ, ದೊಡ್ಡ ಪಾಲು ಬೆಳಿಗ್ಗೆ ಏಳುತ್ತಲೇ ಇರುವಂತೆ ಕೊಡುತ್ತಾರೆ. ಕೆಲವರಿಗೆ ಅದರ ಬದಲು ಅಲ್ಪ ಪ್ರಮಾಣದ ಪ್ರೆಡ್ನಿಸೊಲೋನ್ ಬರೆಯುತ್ತಾರೆ. ಉಪ್ಪನ್ನು ಹಿಡಿದಿಡುವ ಹಾರ್ಮೋನೂ ಇಲ್ಲದವರಿಗೆ ಫ್ಲುಡ್ರೊಕಾರ್ಟಿಸೋನ್ ಎಂಬ ಇನ್ನೊಂದು ಮಾತ್ರೆ ಬೇಕಾಗುತ್ತದೆ.

ಹೂಮಳೆ ಎಷ್ಟು ಬಂತೆಂಬುದರಷ್ಟೇ ಯಾವಾಗ ಬಂತೆಂಬುದೂ ಕಾಫಿಗೆ ಮುಖ್ಯವೆಂದು ಬೆಳೆಗಾರರು ಬಲ್ಲರು. ಈ ಮಾತ್ರೆಯ ವಿಷಯವೂ ಹಾಗೆಯೇ: ಹೊತ್ತಿನಷ್ಟೇ ಪ್ರಮಾಣವೂ ಮುಖ್ಯ. ಅಗತ್ಯಕ್ಕಿಂತ ಹೆಚ್ಚು ಸ್ಟೀರಾಯ್ಡ್ ವರ್ಷಗಟ್ಟಲೆ ಸೇವಿಸಿದರೆ ಮೂಳೆ ಸವೆದು, ಸಕ್ಕರೆ ಏರಿ ಹಾನಿಯಾಗುವುದು ನಿಜ. ಆದರೆ ದೇಹವೇ ತಯಾರಿಸಬೇಕಾಗಿದ್ದ ಹಾರ್ಮೋನಿನ ಜಾಗವನ್ನು ಅಷ್ಟೇ ಪ್ರಮಾಣದಲ್ಲಿ ತುಂಬುವುದು ಬೇರೆಯೇ ಸಂಗತಿ. ‘ಸ್ಟೀರಾಯ್ಡ್ ಒಳ್ಳೇದಲ್ಲ, ಬಿಟ್ಟುಬಿಡಿ’ ಎಂಬ ನೆಂಟರಿಷ್ಟರ ಕಾಳಜಿಯ ಮಾತು ಈ ರೋಗಿಯ ವಿಷಯದಲ್ಲಿ ಜೀವಕ್ಕೇ ಅಪಾಯ ತರುತ್ತದೆ. ಬಿ.ಪಿ. ಬಾರದಿರಲೆಂದು ಊಟದಲ್ಲಿ ಉಪ್ಪು ಕಡಿಮೆ ಮಾಡುವ ಮನೆಗಳಲ್ಲೂ, ಉಪ್ಪಿನ ಹಾರ್ಮೋನಿಲ್ಲದ ಸದಸ್ಯರಿಗೆ ಉಪ್ಪು ಬೇಕೇ ಬೇಕು. ಸುಗ್ಗಿಯ ದಿನಗಳಲ್ಲಿ ಕಾಫಿ ಕೊಯ್ಲಿನಲ್ಲೂ ಕಣದಲ್ಲೂ ಬೆವರು ಹರಿಸುವವರಿಗಂತೂ ಇನ್ನಷ್ಟು ಬೇಕು.

ಜ್ವರ ಬಂದಾಗ ಲೆಕ್ಕವೇ ಬದಲಾಗುತ್ತದೆ. ಆರೋಗ್ಯವಂತರ ದೇಹ ತಾನಾಗಿ ಹೆಚ್ಚಿಸಿಕೊಳ್ಳುವ ಕಾರ್ಟಿಸಾಲನ್ನು ಇವರು ಮಾತ್ರೆಯ ಮೂಲಕ ಹೆಚ್ಚಿಸಿಕೊಳ್ಳಬೇಕಾದ್ದರಿಂದ, ಮೈಬಿಸಿ 38 ಡಿಗ್ರಿ ಸೆಲ್ಸಿಯಸ್ (ಅಂದರೆ 100.4 ಫ್ಯಾರನ್‌ಹೀಟ್) ದಾಟಿದರೆ ಹೈಡ್ರೊಕಾರ್ಟಿಸೋನ್ ಪ್ರಮಾಣವನ್ನು ಎರಡು ಪಟ್ಟು, 39 ಡಿಗ್ರಿ ದಾಟಿದರೆ ಮೂರು ಪಟ್ಟು ಮಾಡಿ, ಜ್ವರ ಇಳಿದ ಮೇಲೆ ಮೊದಲಿನ ಪ್ರಮಾಣಕ್ಕೆ ಮರಳುವುದು ಸಾಮಾನ್ಯ ನಿಯಮ. ತಮ್ಮ ಮಟ್ಟಿಗೆ ಈ ನಿಯಮ ಹೇಗೆಂಬುದನ್ನು ಪ್ರತಿಯೊಬ್ಬರೂ ತಮ್ಮ ವೈದ್ಯರಿಂದ ಮೊದಲೇ ಬರೆಸಿಟ್ಟುಕೊಳ್ಳಬೇಕು. ಇಲಿಜ್ವರ, ಡೆಂಗಿ, ಮಂಗನ ಕಾಯಿಲೆಗಳ ಹೆಸರು ಕೇಳಿಬರುವ ಮಲೆನಾಡಿನಲ್ಲಿ ಜ್ವರ ಬಂದ ಮೇಲೆ ನಿಯಮ ಹುಡುಕುತ್ತಾ ಕೂರಲು ವೇಳೆ ಇರುವುದಿಲ್ಲ.

ಬಿಕ್ಕಟ್ಟಿನ ಗಂಟೆಗಳು

ವಾಂತಿ ಅಥವಾ ಭೇದಿಯಿಂದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಾದಾಗ ಅಡ್ರಿನಲ್ ಬಿಕ್ಕಟ್ಟು ಎಂಬ ಸ್ಥಿತಿ ಎದುರಾಗುತ್ತದೆ. ರಕ್ತದೊತ್ತಡ ಕುಸಿದು, ಹೊಟ್ಟೆ ನುಲಿದು, ಮಾತು ತೊದಲಿ, ರೋಗಿ ಮಂಪರಿಗೆ ಜಾರುತ್ತಾರೆ. ಚಿಕಿತ್ಸೆಯಲ್ಲಿರುವ ನೂರು ರೋಗಿಗಳಲ್ಲಿ ವರ್ಷಕ್ಕೆ ಸರಿಸುಮಾರು ಆರರಿಂದ ಎಂಟು ಬಿಕ್ಕಟ್ಟುಗಳು ಸಂಭವಿಸುತ್ತವೆಂದು ವಿದೇಶಗಳ ಅಧ್ಯಯನಗಳು ತೋರಿಸಿವೆ; ಅಲ್ಲಿಯೂ ಹೊಟ್ಟೆಯ ಸೋಂಕು ಮತ್ತು ಜ್ವರಗಳೇ ಮುಖ್ಯ ಕಾರಣಗಳು.

ಇದಕ್ಕೆ ಮದ್ದು 100 ಮಿಲಿಗ್ರಾಂ ಹೈಡ್ರೊಕಾರ್ಟಿಸೋನ್ ಚುಚ್ಚುಮದ್ದು ಮತ್ತು ಅದರ ಜೊತೆಗೆ ರಕ್ತನಾಳದ ಮೂಲಕ ವೇಗವಾಗಿ ಹರಿಸುವ ಉಪ್ಪುನೀರಿನ ದ್ರಾವಣ, ಅಂದರೆ ನಾರ್ಮಲ್ ಸಲೈನ್. ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿರುವ ಈ ಚುಚ್ಚುಮದ್ದನ್ನು ದಮ್ಮು ಮತ್ತು ಅಲರ್ಜಿಗೆಂದು ಸಣ್ಣಪುಟ್ಟ ಆಸ್ಪತ್ರೆಗಳೂ ಇಟ್ಟುಕೊಂಡಿರುತ್ತವೆ. ಅಂದರೆ ಎಷ್ಟೋ ಬಾರಿ ಔಷಧ ಕಪಾಟಿನಲ್ಲೇ ಇರುತ್ತದೆ, ರೋಗಿ ಬೆಂಚಿನ ಮೇಲೆ ಇರುತ್ತಾರೆ. ಔಷಧಕ್ಕೂ ರೋಗಿಗೂ ನಡುವೆ ಇಲ್ಲದಿರುವುದು ಕಾಯಿಲೆಯ ಹೆಸರೊಂದೇ.

ಆ ಹೆಸರು ಗೊತ್ತಿಲ್ಲದಿದ್ದರೆ ಆಗುವುದೇನೆಂಬುದನ್ನು ಊಹಿಸುವುದು ಕಷ್ಟವಲ್ಲ. ವಾಂತಿ ಎಂದೊಡನೆ ವಾಂತಿ ನಿಲ್ಲಿಸುವ ಇಂಜೆಕ್ಷನ್ ಕೊಟ್ಟು, ನಿಶ್ಶಕ್ತಿ ಎಂದೊಡನೆ ಗ್ಲುಕೋಸ್ ಬಾಟಲಿ ತೂಗುಹಾಕುವುದು ವಾಡಿಕೆ. ಬರಿಯ ಗ್ಲುಕೋಸ್ ನೀರಿನಲ್ಲಿ ಉಪ್ಪಿಲ್ಲದ ಕಾರಣ, ಮೊದಲೇ ಸೋಡಿಯಂ ಕುಸಿದಿರುವ ರೋಗಿಯಲ್ಲಿ ಅದು ಇನ್ನಷ್ಟು ಕುಸಿಯಬಹುದು. ಬಾಟಲಿಯ ಮೇಲಿನ ಚೀಟಿಯಲ್ಲಿ ಸೋಡಿಯಂ ಕ್ಲೋರೈಡ್ ಎಂದಿದೆಯೋ ಬರಿಯ ಡೆಕ್ಸ್‌ಟ್ರೋಸ್ ಎಂದಿದೆಯೋ ಎಂದು ನೋಡಿ ವಿನಯದಿಂದ ವಿಚಾರಿಸುವಷ್ಟನ್ನು ಮನೆಯವರೂ ಕಲಿಯಬಹುದು.

ಹೇಳುವುದು ಹೇಗೆ?

‘ನೀವು ಹೇಗೆ ಹೇಳ್ತೀರೋ ಹಾಗೆ ಡಾಕ್ಟ್ರೇ’ ಎನ್ನುವುದು ಮಲೆನಾಡಿನ ಮರ್ಯಾದೆ. ವೈದ್ಯರಿಗೇ ಔಷಧ ಸೂಚಿಸುವುದನ್ನು ಇಲ್ಲಿನ ಹಿರಿಯರು ಅಹಂಕಾರವೆಂದು ಭಾವಿಸುತ್ತಾರೆ, ಕೂಲಿ ಕೆಲಸದವರಂತೂ ಆಸ್ಪತ್ರೆಯ ಬಾಗಿಲಲ್ಲೇ ಕುಗ್ಗಿ ನಿಲ್ಲುತ್ತಾರೆ. ಆದ್ದರಿಂದ ಮರ್ಯಾದೆಗೆ ಚ್ಯುತಿ ಬಾರದಂತೆ, ಆದರೆ ಮಾತು ಮಸುಕಾಗದಂತೆ ಹೇಳುವುದನ್ನು ಮೊದಲೇ ರೂಢಿಸಿಕೊಳ್ಳಬೇಕು. ಅದು ಇಷ್ಟೇ ಆದರೂ ಸಾಕು: ‘ಸಾರ್, ಇವರಿಗೆ ಅಡ್ರಿನಲ್ ಕೊರತೆ ಇದೆ. ದಿನಾ ಹೈಡ್ರೊಕಾರ್ಟಿಸೋನ್ ಮಾತ್ರೆ ತಗೋತಾರೆ. ಎರಡು ಸಲ ವಾಂತಿಯಾಗಿದೆ, ಮಾತ್ರೆ ನಿಂತಿಲ್ಲ. ದಯವಿಟ್ಟು ಮೊದಲು ನೂರು ಮಿಲಿಗ್ರಾಂ ಹೈಡ್ರೊಕಾರ್ಟಿಸೋನ್ ಇಂಜೆಕ್ಷನ್ ಕೊಡಿ, ಆಮೇಲೆ ಪರೀಕ್ಷೆ ಮಾಡಿ. ದೊಡ್ಡ ಡಾಕ್ಟರು ಬರೆದುಕೊಟ್ಟ ಚೀಟಿ ಇಲ್ಲಿದೆ.’

ಈ ಮಾತಿನ ಹಿಂದೆ ಗಟ್ಟಿಯಾದ ವೈದ್ಯಕೀಯ ತರ್ಕವಿದೆ. ಬಿಕ್ಕಟ್ಟಿನ ಅನುಮಾನದಲ್ಲಿ ಒಂದು ಡೋಸ್ ಕೊಟ್ಟು ಮುಂದೆ ಅದು ಬೇಕಿರಲಿಲ್ಲವೆಂದು ತಿಳಿದುಬಂದರೂ ಹಾನಿ ಆಗುವುದು ತೀರಾ ವಿರಳ, ಕೊಡದೆ ರಕ್ತಪರೀಕ್ಷೆಯ ಫಲಿತಾಂಶಕ್ಕೆ ಕಾದರೆ ಪ್ರಾಣವೇ ಹೋಗಬಹುದು. ಅಂತರರಾಷ್ಟ್ರೀಯ ಮಾರ್ಗಸೂಚಿಗಳೂ ಪರೀಕ್ಷೆಗಾಗಿ ಚಿಕಿತ್ಸೆಯನ್ನು ತಡಮಾಡಬಾರದೆಂದೇ ಹೇಳುತ್ತವೆ.

ಚೀಟಿ ಎಂದದ್ದು ತುರ್ತು ಕಾರ್ಡನ್ನು. ಅದರ ಒಂದು ಮಗ್ಗುಲಲ್ಲಿ ಕನ್ನಡದಲ್ಲೂ ಇನ್ನೊಂದರಲ್ಲಿ ಇಂಗ್ಲಿಷಿನಲ್ಲೂ ಕಾಯಿಲೆಯ ಹೆಸರು, ನಿತ್ಯದ ಮಾತ್ರೆ, ತುರ್ತಿಗೆ ಕೊಡಬೇಕಾದ ಪ್ರಮಾಣ, ಚಿಕಿತ್ಸೆ ನೀಡುವ ತಜ್ಞರ ಸಹಿ ಮತ್ತು ದೂರವಾಣಿ ಇರಬೇಕು, ಏಕೆಂದರೆ 108 ಆಂಬುಲೆನ್ಸಿನ ಸಿಬ್ಬಂದಿಗೆ ಒಂದು ಭಾಷೆ, ಹೊರಗಿನಿಂದ ಬಂದ ರಾತ್ರಿ ಪಾಳಿಯ ವೈದ್ಯರಿಗೆ ಮತ್ತೊಂದು ಭಾಷೆ ಸಲೀಸಾಗಿರಬಹುದು. ಮಳೆಯಲ್ಲಿ ತೊಯ್ಯದಂತೆ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಹಾಕಿಟ್ಟು, ಅದರ ಫೋಟೋವನ್ನು ಮನೆಯವರ ಮೊಬೈಲಿನಲ್ಲೂ ಉಳಿಸಿಕೊಳ್ಳುವುದು ಕ್ಷೇಮ.

ದಾರಿ ಕಟ್ಟುವ ಮುನ್ನ

ಕಳಸದಿಂದ ಜಿಲ್ಲಾ ಕೇಂದ್ರವಾದ ಚಿಕ್ಕಮಗಳೂರಿಗೆ ಸುಮಾರು 90 ಕಿಲೋಮೀಟರ್ ಘಟ್ಟದ ದಾರಿ. ಹಾರ್ಮೋನು ತಜ್ಞರು ಬಹುಪಾಲು ಬೆಂಗಳೂರು, ಮಂಗಳೂರು, ಮಣಿಪಾಲ, ಮೈಸೂರಿನಂಥ ಊರುಗಳಲ್ಲಿದ್ದಾರೆ. 2019ರ ಆಗಸ್ಟಿನ ಮಹಾಮಳೆಗೆ ಮೂಡಿಗೆರೆ ತಾಲ್ಲೂಕಿನ ಗುಡ್ಡಗಳು ಕುಸಿದು ಚಾರ್ಮಾಡಿ ಸಂಚಾರ ನಿಂತುಹೋದದ್ದನ್ನು ಇಲ್ಲಿನವರು ಮರೆತಿಲ್ಲ. ಆಸ್ಪತ್ರೆಗೆ ತಲುಪುವ ಮುನ್ನವೇ ಮೊದಲ ಡೋಸ್ ಮೈಸೇರುವ ವ್ಯವಸ್ಥೆ ಎಲ್ಲ ಕಡೆಯೂ ಒಳ್ಳೆಯದಾದರೆ, ಈ ಬೆಟ್ಟಗಳಲ್ಲಿ ಅದು ಅನಿವಾರ್ಯ.

ಹೈಡ್ರೊಕಾರ್ಟಿಸೋನ್ ಇಂಜೆಕ್ಷನ್ ಒಣಪುಡಿಯ ರೂಪದಲ್ಲಿ ಸಣ್ಣ ಗಾಜಿನ ಬಾಟಲಿಯಲ್ಲಿ ಬರುವುದರಿಂದ ಅದಕ್ಕೆ ಫ್ರಿಜ್ ಬೇಕಿಲ್ಲ. ವಾರಗಟ್ಟಲೆ ಕರೆಂಟಿಲ್ಲದ ಊರಿನಲ್ಲಿ ಇದು ದೊಡ್ಡ ಅನುಕೂಲ. ತಜ್ಞರಿಂದ ಚೀಟಿ ಬರೆಸಿಕೊಂಡು ಆ ಬಾಟಲಿ, ಬೆರೆಸುವ ಶುದ್ಧ ನೀರಿನ ಆಂಪ್ಯೂಲ್, ಸಿರಿಂಜು, ಸೂಜಿಗಳನ್ನು ಥಂಡಿ ತಾಗದ ಡಬ್ಬಿಯಲ್ಲಿಟ್ಟು, ಅವಧಿ ಮುಗಿಯುವ ದಿನಾಂಕವನ್ನು ಮುಚ್ಚಳದ ಮೇಲೆ ಬರೆದಿಡಬೇಕು. ತೊಡೆಯ ಹೊರಭಾಗದ ಮಾಂಸಖಂಡಕ್ಕೆ ಚುಚ್ಚುವುದನ್ನು ಮನೆಯ ಇಬ್ಬರಾದರೂ ನರ್ಸಿನ ಎದುರು ಅಭ್ಯಾಸ ಮಾಡಿರಬೇಕು. ಚುಚ್ಚಿದ ಮೇಲೆ ಚೇತರಿಸಿಕೊಂಡರೂ ಆಸ್ಪತ್ರೆಗೆ ಹೋಗಲೇಬೇಕು.

ತೋಟದಲ್ಲಿ ದುಡಿಯುವವರ ವಿಷಯದಲ್ಲಿ ಈ ತಯಾರಿ ಮನೆಯಿಂದಾಚೆಗೂ ಹೋಗಬೇಕು. ರಾತ್ರಿ ಹೊತ್ತು ತೋಟದ ಜೀಪಿನ ಬೀಗದ ಕೈ ಯಾರ ಬಳಿ ಇರುತ್ತದೆ, ಯಾವ ಸೇತುವೆ ಮುಳುಗಿದರೆ ಯಾವ ದಾರಿ ಹಿಡಿಯಬೇಕು ಎಂಬುದು ರೈಟರಿಗೂ ಮೇಸ್ತ್ರಿಗೂ ನೆರೆಯವರಿಗೂ ತಿಳಿದಿರಬೇಕು. 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆಯ ಕಾಲದಿಂದಲೂ ಕಾರ್ಮಿಕರ ವೈದ್ಯಕೀಯ ಸೌಲಭ್ಯವನ್ನು ತೋಟದ ಮಾಲೀಕರ ಹೊಣೆಯೆಂದೇ ಕಾನೂನು ಕಂಡಿರುವುದರಿಂದ, ಇದನ್ನು ಕೇಳಿಕೊಳ್ಳುವುದು ಉಪಕಾರ ಬೇಡಿದಂತಲ್ಲ.

ಮುಚ್ಚಿಡುವುದರ ಬೆಲೆ

ಈ ಕಾಯಿಲೆಯನ್ನು ಹೊರಗೆ ಹೇಳಿಕೊಳ್ಳಲು ಹಿಂಜರಿಯುವವರು ಎಲ್ಲ ಕಾಲಕ್ಕೂ ಇದ್ದಾರೆ. ಅಮೆರಿಕದ ಅಧ್ಯಕ್ಷರಾಗಿದ್ದ ಜಾನ್ ಎಫ್. ಕೆನಡಿ ಅವರಿಗೆ 1947ರಲ್ಲೇ ಅಡಿಸನ್ ಕಾಯಿಲೆ ಪತ್ತೆಯಾಗಿದ್ದರೂ ರಾಜಕೀಯ ಕಾರಣಗಳಿಗಾಗಿ ಅದನ್ನು ಸಾರ್ವಜನಿಕರಿಂದ ಮರೆಮಾಚಲಾಗಿತ್ತು. ಆದರೆ ಅವರ ವೈದ್ಯರಿಗೆ ಎಲ್ಲವೂ ತಿಳಿದಿತ್ತು. 1954ರಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆಯಾದಾಗ ಸ್ಟೀರಾಯ್ಡ್ ರಕ್ಷಣೆಯೊಂದಿಗೇ ಅದನ್ನು ನಡೆಸಿದರು. ಸುತ್ತಲೂ ತಜ್ಞರಿದ್ದವರು ಲೋಕಕ್ಕೆ ಮುಚ್ಚಿಟ್ಟೂ ಬದುಕಬಲ್ಲರು. ಮದುವೆಯ ಮಾತುಕತೆಗೆ ಅಡ್ಡಿಯಾದೀತೆಂದು ಹೆಣ್ಣುಮಗಳ ಕಾಯಿಲೆಯನ್ನು ಗುಟ್ಟಾಗಿಡುವ ಮನೆಗೆ ಆ ರಕ್ಷಣೆ ಇರುವುದಿಲ್ಲ. ಗಂಡನ ಮನೆಯಲ್ಲಿ ಯಾರಿಗೂ ಗೊತ್ತಿಲ್ಲದೆ ಮಾತ್ರೆ ನುಂಗುವ ಹೆಣ್ಣು ಪ್ರಜ್ಞೆ ತಪ್ಪಿದ ದಿನ, ಆಕೆಯ ಪರವಾಗಿ ಮಾತನಾಡಬೇಕಾದವರಿಗೆ ಹೇಳಲು ಏನೂ ಇರುವುದಿಲ್ಲ. ಹೆರಿಗೆ, ಶಸ್ತ್ರಚಿಕಿತ್ಸೆಗಳ ಮುಂಚೆಯೂ ಪ್ರಮಾಣ ಹೆಚ್ಚಿಸಬೇಕಾದ್ದರಿಂದ ಈ ಗುಟ್ಟು ಬಹಳ ದುಬಾರಿಯಾದುದು.

ಕೇಳುವುದು ಹಕ್ಕು, ಕೇಳಿಸಿಕೊಳ್ಳುವುದು ಕರ್ತವ್ಯ

ರೋಗಿ ಮಾತನಾಡಬೇಕೆಂದು ಹೇಳುವಾಗ ಹೊಣೆಯನ್ನೆಲ್ಲ ಆತನ ಹೆಗಲಿಗೇ ಹೊರಿಸಿದಂತೆ ಆಗಬಾರದು. ತುರ್ತು ಚಿಕಿತ್ಸೆ ನೀಡುವುದು ಪ್ರತಿ ವೈದ್ಯರ ಕರ್ತವ್ಯವೆಂದು ಸುಪ್ರೀಂ ಕೋರ್ಟ್ 1989ರ ಪರಮಾನಂದ ಕಟಾರಾ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಕೇಂದ್ರ ಆರೋಗ್ಯ ಸಚಿವಾಲಯ 2018ರಲ್ಲಿ ಪ್ರಕಟಿಸಿದ, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದು ಮಾಹಿತಿ ಪಡೆಯುವ, ದಾಖಲೆಗಳ ಪ್ರತಿ ಪಡೆಯುವ, ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವ ಹಕ್ಕುಗಳನ್ನು ವಿವರಿಸುತ್ತದೆ. ಬಿಡುಗಡೆಯ ಚೀಟಿಯಲ್ಲಿ ಅಡ್ರಿನಲ್ ಕೊರತೆ ಎಂದು ಸ್ಪಷ್ಟವಾಗಿ ಬರೆಯಿರೆಂದು ಕೇಳುವುದು ಈ ಹಕ್ಕಿನೊಳಗೇ ಬರುತ್ತದೆ, ಏಕೆಂದರೆ ಮುಂದಿನ ಆಸ್ಪತ್ರೆಯಲ್ಲಿ ರೋಗಿಯ ಮಾತಿಗೆ ಆಧಾರವಾಗುವುದು ಆ ಒಂದು ಸಾಲು.

ಮಾತಿಗೆ ಬೆಲೆ ಬರುವುದು ಕೇಳುವವರಿದ್ದಾಗ. ಪ್ರಾಥಮಿಕ ಆರೋಗ್ಯ ಕೇಂದ್ರಗಳ ಗೋಡೆಯ ಮೇಲೆ ಬಿಕ್ಕಟ್ಟಿನ ಚಿಕಿತ್ಸೆಯನ್ನು ನಾಲ್ಕು ಸಾಲಿನಲ್ಲಿ ಬರೆದು ಹಾಕುವುದು, ತಮ್ಮ ವ್ಯಾಪ್ತಿಯಲ್ಲಿರುವ ಇಂಥ ರೋಗಿಗಳ ಹೆಸರನ್ನು ಮಳೆಗಾಲಕ್ಕೆ ಮುಂಚೆ ಆಶಾ ಕಾರ್ಯಕರ್ತೆಯರ ಮೂಲಕ ಗುರುತಿಸಿಡುವುದು, ಹಾವು ಕಡಿತದಿಂದಲೂ ಹೆರಿಗೆಯ ರಕ್ತಸ್ರಾವದಿಂದಲೂ ಪಾರಾದವರಿಗೆ ಮುಂದೆ ಕಾಣಬಹುದಾದ ಲಕ್ಷಣಗಳನ್ನು ತಿಳಿಸಿ ಕಳುಹಿಸುವುದು ಇವು ಯಾವುದೂ ದೊಡ್ಡ ಖರ್ಚಿನ ಕೆಲಸಗಳಲ್ಲ. ವರ್ಷಗಟ್ಟಲೆ ಈ ಕಾಯಿಲೆಯೊಂದಿಗೆ ಬಾಳಿದ ತೋಟದ ಕೆಲಸದಾಕೆಗೆ ತನ್ನ ದೇಹದ ಬಗ್ಗೆ ತಿಳಿದಿರುವುದು, ಬಿಕ್ಕಟ್ಟಿನ ರಾತ್ರಿ ಆಕೆಯನ್ನು ಮೊದಲ ಬಾರಿಗೆ ನೋಡುವ ವೈದ್ಯರಿಗೆ ತಿಳಿದಿರಲಾರದು. ಆಕೆ ‘ನನಗೆ ಈ ಇಂಜೆಕ್ಷನ್ ಬೇಕು’ ಎಂದಾಗ ಅದನ್ನು ಉದ್ಧಟತನವೆಂದು ತಳ್ಳಿಹಾಕದೆ ಕಾಯಿಲೆಯ ಮೊದಲ ಸಾಕ್ಷ್ಯವೆಂದು ಪರಿಗಣಿಸುವ ಆಸ್ಪತ್ರೆಯೇ ಆಕೆಯನ್ನು ಉಳಿಸಬಲ್ಲ ಆಸ್ಪತ್ರೆ.